ಶೋಕೇಸಿನ ಅಕ್ಕ-ತಂಗಿ

ಮದುವೆ ನೋಂದಣಿ ಕಚೇರಿಯ ಎದುರಿಗೇ ಫೋಟೋ ಅಂಗಡಿ ಇಟ್ಟುಕೊಂಡವರಿಗೆ ಊಟಕ್ಕೆ ತಾಪತ್ರಯವಿಲ್ಲ. ಕಚೇರಿಗೆ ಬರುವ ಜೋಡಿಗಳಲ್ಲಿ ಅರ್ಧಕ್ಕರ್ಧ ಮಂದಿ ಜೋಡಿ ಫೋಟೋ ತರುವುದನ್ನು ಮರೆತೇ ಬಂದಿರುತ್ತಾರೆ. ಪ್ರೀತಿಸುವುದು ನೆನಪಿರುತ್ತದೆ, ಮನೆಯವರ ಕಣ್ಣು ತಪ್ಪಿಸುವುದು ನೆನಪಿರುತ್ತದೆ, ಸಾಕ್ಷಿಗೆ ಗೆಳೆಯರನ್ನು ಎಳೆದು ತರುವುದೂ ನೆನಪಿರುತ್ತದೆ, ಫೋಟೋ ಒಂದು ಬಿಟ್ಟು. ಆಮೇಲೆ ಎದ್ದೆನೋ ಬಿದ್ದೆನೋ ಎಂದು ರಸ್ತೆ ದಾಟಿ ಚಿಕ್ಕಕ್ಕನ ಅಂಗಡಿಗೆ ಓಡಿಬರುತ್ತಾರೆ.

ಚಿಕ್ಕಕ್ಕ ಅವರನ್ನು ಎರಡು ಸ್ಟೂಲಿನ ಮೇಲೆ ಕೂರಿಸಿ, "ಭುಜಕ್ಕೆ ಭುಜ ತಾಗಲಿ. ಇಷ್ಟು ದೂರ ಬಂದಮೇಲೆ ಈಗೆಂಥ ನಾಚಿಕೆ?" ಎನ್ನುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕಲು ಮರದ ಪಟ್ಟಿ ಕುಯ್ಯುತ್ತ ಕೂತಿರುತ್ತಿದ್ದ ದೊಡ್ಡಕ್ಕ ಅಲ್ಲಿಂದಲೇ ಕೂಗುತ್ತಿದ್ದಳು: "ಹುಡುಗಿ ಮುಖ ಸಪ್ಪಗಿದ್ರೆ ತೆಗೀಬೇಡ. ಮೊದ್ಲು ಪಕ್ಕಕ್ಕೆ ಕರೆದು ವಿಚಾರಿಸು." ಒಮ್ಮೆ ಹಾಗೆ ವಿಚಾರಿಸಿದ್ದಕ್ಕೆ ಹುಡುಗಿಯೊಬ್ಬಳು ಹಿಂಬಾಗಿಲಿಂದ ಹೊರಟುಹೋಗಿ, ಮದುಮಗ ಬಂದು ಗಾಜಿನ ಬಾಗಿಲು ಒಡೆದಿದ್ದ. ದೊಡ್ಡಕ್ಕ ಹೊಸ ಗಾಜು ಕೂರಿಸುತ್ತ ಇಡೀ ದಿನ ಸಿಳ್ಳೆ ಹಾಕಿದ್ದಳು.

ದೊಡ್ಡಕ್ಕ, ಚಿಕ್ಕಕ್ಕ ಎನ್ನುವುದು ಬೀದಿ ಕೊಟ್ಟ ಹೆಸರು. ಬೀದಿಯ ಲೆಕ್ಕದಲ್ಲಿ ಅವರು ಒಂದೇ ತಾಯಿಯ ಮಕ್ಕಳು. ನಿಜದಲ್ಲಿ ಅವರಿಬ್ಬರ ನಡುವೆ ಒಂದು ತೊಟ್ಟು ರಕ್ತದ ನಂಟೂ ಇರಲಿಲ್ಲ. ಹರೆಯದಲ್ಲಿ ದೊಡ್ಡಕ್ಕ ಒಂದು ಕಟ್ಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಚಿಕ್ಕಕ್ಕ ಬೇರೆ ಸ್ಟುಡಿಯೋದಿಂದ ಅಲ್ಲಿಗೆ ಫೋಟೋ ತಂದುಕೊಡುತ್ತಿದ್ದಳು. ಪ್ರತಿ ಸಲವೂ ಒಂದಾದರೂ ಕಟ್ಟು ಕೂದಲೆಳೆಯಷ್ಟು ಚಿಕ್ಕದಾಗಿಬಿಡುತ್ತಿತ್ತು. ಚಿಕ್ಕಕ್ಕ ಜಗಳಕ್ಕೆಂದು ಮರಳಿ ಬರುತ್ತಿದ್ದಳು. ಅಳತೆಯಲ್ಲಿ ಎಂದೂ ತಪ್ಪದ ಕೈ ತನ್ನ ಫೋಟೋಗಳಿಗೆ ಮಾತ್ರ ಯಾಕೆ ತಪ್ಪುತ್ತದೆ ಎಂದು ತಿಳಿಯಲು ಆ ಪೆದ್ದಿಗೆ ಬಹಳ ದಿನ ಬೇಕಾಯಿತು. ತಿಳಿದ ಮೇಲೆ ಇಬ್ಬರೂ ಬೇರೆಯಾಗಲಿಲ್ಲ.

ಬಾಡಿಗೆ ಮನೆ ಹುಡುಕುವಾಗ ಆ ಸುಳ್ಳು ಹುಟ್ಟಿತು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ, ಪಕ್ಕದಲ್ಲೇ ಯಜಮಾನಮ್ಮನ ಮನೆ. ಯಜಮಾನಮ್ಮ ಕೈಯಲ್ಲಿ ಬೀಗದ ಕೈ ಹಿಡಿದೇ ಕೇಳಿದಳು: "ನೀವಿಬ್ರೂ ಏನಾಗ್ಬೇಕು?" ಅದಾಗಲೇ ನಾಲ್ಕಾರು ಮನೆಗಳ ಬಾಗಿಲು ಮುಚ್ಚಿತ್ತು. ದೊಡ್ಡಕ್ಕನ ಬಾಯಿಂದ "ಅಕ್ಕ-ತಂಗಿ" ಎಂದು ಬಂದುಬಿಟ್ಟಿತು. "ಕೇಳೋದೇ ಬೇಡ, ಮೂಗು ನೋಡಿದ್ರೆ ಗೊತ್ತಾಗಲ್ವಾ," ಎಂದು ಯಜಮಾನಮ್ಮ ಬೀಗದ ಕೈ ಕೊಟ್ಟಳು. ಒಬ್ಬಳದು ಮೊಂಡು ಮೂಗು, ಇನ್ನೊಬ್ಬಳದು ಉದ್ದ ಮೂಗು. ಅವತ್ತು ಮೇಲಿನ ಕೋಣೆಯಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅಂಗಡಿಯ ಶೋಕೇಸಿಗೆ ಮಾದರಿ ಫೋಟೋಗಳು ಬೇಕಾದವು. ಮಗು, ಮುದುಕ, ಮದುಮಕ್ಕಳು, ಅಣ್ಣತಮ್ಮ, ಹೀಗೆ ಒಂದೊಂದು ಬಗೆಗೆ ಒಂದೊಂದು. ಚಿಕ್ಕಕ್ಕನಿಗೆ ಕುಚೋದ್ಯ ಹೆಚ್ಚು. ತಮ್ಮಿಬ್ಬರದೇ ಒಂದು ತೆಗೆದು, ದೊಡ್ಡಕ್ಕನ ಕೈಯಲ್ಲೇ ಒಳ್ಳೆಯ ಕಟ್ಟು ಹಾಕಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ "ಅಕ್ಕ-ತಂಗಿ" ಎಂದು ಬರೆದು ನಟ್ಟನಡುವೆ ಇಟ್ಟಳು. ಊರ ಕಣ್ಣಿಗೆ ಮಣ್ಣೆರಚಿದೆವು ಎಂಬ ಜಂಬ ಇಬ್ಬರಿಗೂ. ಆ ಶೋಕೇಸು ನೋಂದಣಿ ಕಚೇರಿಯ ಕಿಟಕಿಗೆ ನೇರ ಎದುರಿಗಿತ್ತು. ಅದು ಆಗ ಯಾರ ತಲೆಗೂ ಹೋಗಲಿಲ್ಲ.

ದೊಡ್ಡಕ್ಕನಿಗೆ ತವರಿನ ಕಡೆ ಉಳಿದದ್ದು ತಾಯಿ ಮತ್ತು ಒಬ್ಬ ತಮ್ಮ. ಚಿಕ್ಕಕ್ಕನ ಕಡೆ ಯಾರೂ ಉಳಿದಿರಲಿಲ್ಲ. ತಾಯಿ ಹಾಸಿಗೆ ಹಿಡಿದಾಗ ತಮ್ಮ ಅವಳನ್ನು ತಂದು ಮೇಲಿನ ಕೋಣೆಯಲ್ಲಿ ಮಲಗಿಸಿ ಹೋದ. ದೊಡ್ಡಕ್ಕನ ಸೊಂಟ ಆಗಲೇ ಗಟ್ಟಿಯಿರಲಿಲ್ಲ. ಎತ್ತಿ ಕೂರಿಸಿ, ಮೈ ಒರೆಸಿ, ಬಟ್ಟೆ ಬದಲಿಸಿದವಳು ಚಿಕ್ಕಕ್ಕನೇ. ಮುದುಕಿ ಮೊದಮೊದಲು ಇವಳ ಕಡೆ ನೋಡುತ್ತಲೂ ಇರಲಿಲ್ಲ. ಎಲ್ಲ ಗೊತ್ತಿದ್ದ ಜೀವ ಅದು. ಕೊನೆಯ ವಾರ, ಮಗ ಬಂದಿದ್ದಾಗ, ಯಜಮಾನಮ್ಮನೂ ಪಕ್ಕದಲ್ಲೇ ಕೂತಿದ್ದಾಗ, ಚಿಕ್ಕಕ್ಕನ ಕೈ ಹಿಡಿದು ಹೇಳಿದಳು: "ನನಗೆ ಇಬ್ರು ಹೆಣ್ಣುಮಕ್ಕಳು. ಇವಳೂ ನನ್ನ ಮಗಳೇ."

ಚಿಕ್ಕಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹುಟ್ಟಿಸಿದವರು ಹೊರಗೆ ಹಾಕಿದ್ದವಳನ್ನು ಯಾರೋ ಒಳಗೆ ಕರೆದುಕೊಂಡಿದ್ದರು. ಬದುಕಿನಲ್ಲಿ ಅದಕ್ಕಿಂತ ದೊಡ್ಡ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಆಮೇಲೆ ದೊಡ್ಡಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್ ಶುರುವಾಯಿತು. ಮರದ ಪಟ್ಟಿಯನ್ನು ಒಂದೇ ಏಟಿಗೆ ಕುಯ್ಯುತ್ತಿದ್ದ ತೋಳಿನಲ್ಲಿ ಸೂಜಿ ಚುಚ್ಚಲು ನರ ಸಿಗದಂತಾಯಿತು. ಮುಖ ಊದಿಕೊಂಡು ಕಣ್ಣು ಒಳಕ್ಕೆ ಹೋದವು. "ಇದು ಬಹಳ ದಿನ ನಡೆಯೋಲ್ಲ. ಬೇರೆಯವರ ಕಿಡ್ನಿ ಹಾಕೋದೊಂದೇ ದಾರಿ," ಎಂದರು ಡಾಕ್ಟರು. ತಮ್ಮನಿಗೆ ಸಕ್ಕರೆ ಕಾಯಿಲೆ, ಅವನದು ಆಗುವ ಹಾಗಿರಲಿಲ್ಲ. ಚಿಕ್ಕಕ್ಕನದು ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾದ ದಿನ ಅವಳು ಆಸ್ಪತ್ರೆಯ ಮೆಟ್ಟಿಲನ್ನು ಹುಡುಗಿಯ ಹಾಗೆ ಹತ್ತಿದಳು.

ಆದರೆ ಕೊಡುವವರು ಬಳಗದವರೇ ಆಗಿರಬೇಕೆಂದು ನಿಯಮ. ಒಂದೋ ರಕ್ತಸಂಬಂಧ, ಇಲ್ಲವೇ ಮದುವೆಯ ಸಂಬಂಧ. ಬಡವರ ಕಿಡ್ನಿ ಮಾರಾಟವಾಗಬಾರದು ಎಂದು ಮಾಡಿದ ನಿಯಮ. ಒಳ್ಳೆಯದೇ, ಯಾರು ಬೇಡವೆಂದರು? ಮೊದಲ ದಿನ ಕೌಂಟರಿನಲ್ಲಿ "ನೀವು ಏನಾಗ್ಬೇಕು?" ಎಂದಾಗ ಚಿಕ್ಕಕ್ಕ ರೂಢಿಯ ಬಲದಲ್ಲಿ "ತಂಗಿ" ಎಂದಿದ್ದಳು. ರಕ್ತಕ್ಕೆ ಆ ರೂಢಿ ಇರಲಿಲ್ಲ. ಇದನ್ನೆಲ್ಲ ಪರಿಶೀಲಿಸುವ ಆಸ್ಪತ್ರೆಯ ಸಮಿತಿಯ ಮುಂದೆ ಇಬ್ಬರ ರಕ್ತದ ವರದಿ ಇಟ್ಟುಕೊಂಡು ಡಾಕ್ಟರಮ್ಮ ಕೇಳಿದಳು: "ನೀವು ಅಕ್ಕ-ತಂಗಿಯರಲ್ಲ. ಎಷ್ಟಕ್ಕೆ ಒಪ್ಪಿಕೊಂಡಿದ್ದೀರಿ?"

ಚಿಕ್ಕಕ್ಕ ಅಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಆ ಮೇಜಿನ ಮುಂದೆ, ಗುರುತು ಪರಿಚಯವಿಲ್ಲದ ಐದಾರು ಮಂದಿಯ ಎದುರು, ತಲೆ ತಗ್ಗಿಸಿ ಹೇಳಿದಳು. ಡಾಕ್ಟರಮ್ಮನ ದನಿ ಮೆತ್ತಗಾಯಿತು. "ಹಾಗಿದ್ರೆ ಮದುವೆಯಾಗಿ ಬನ್ನಿ. ಈಗ ಕಾನೂನು ಬಂದಿದೆಯಲ್ಲ. ಸರ್ಟಿಫಿಕೇಟು ತನ್ನಿ, ನಾವು ಬೇಡ ಅನ್ನಲ್ಲ."

ಕಾನೂನು ಬಂದಿದ್ದು ನಿಜ. ಹೆಣ್ಣು-ಹೆಣ್ಣು, ಗಂಡು-ಗಂಡು ಮದುವೆಯಾಗಬಹುದು ಎಂದು ಹೊಸದಾಗಿ ಆಗಿತ್ತು. ಊರಲ್ಲಿ ಅದರದೇ ಮಾತು. ಮೂಲೆಯ ಚಹಾದಂಗಡಿಯ ಟೀವಿಯಲ್ಲಿ ದಿನಾ ವಾಗ್ವಾದ. ಮದುವೆ ಅಂದರೆ ಗಂಡು-ಹೆಣ್ಣೇ ಎಂದು ಒಬ್ಬರು ಮೇಜು ಗುದ್ದಿದರೆ, ಜೊತೆಗೆ ಬಾಳುವ ಇಬ್ಬರದ್ದು ಎಂದು ಇನ್ನೊಬ್ಬರು. ಅದರಲ್ಲೊಬ್ಬ ದಿನವೂ ಬಂದು ಒಂದೇ ರಾಗ ಎಳೆಯುತ್ತಿದ್ದ: "ಇವತ್ತು ಇದಕ್ಕೆ ಒಪ್ಕೊಂಡ್ರೆ ನಾಳೆ ಒಡಹುಟ್ಟಿದವರೇ ಮದುವೆ ಮಾಡಿಸಿ ಅಂತ ಬರ್ತಾರೆ, ನೋಡ್ತಿರಿ." ಯಜಮಾನಮ್ಮ ತನ್ನ ಮನೆಯಲ್ಲಿ ಅದನ್ನು ಕೇಳಿ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ಚಿಕ್ಕಕ್ಕ ಆಗಲೇ ಹೊಸ ಬಗೆಯ ಜೋಡಿಗಳ ಫೋಟೋ ತೆಗೆದಿದ್ದಳು. ಇಬ್ಬರು ಹುಡುಗಿಯರು ಕೈಕೈ ಹಿಡಿದು ಬಂದು, ಫೋಟೋ ತೆಗೆಸಿಕೊಂಡು, ನಗುತ್ತ ರಸ್ತೆ ದಾಟಿದ್ದನ್ನು ಕಣ್ಣು ತುಂಬ ನೋಡಿದ್ದಳು. "ನಾವೂ ಆಗೋಣವಾ?" ಎಂದು ದೊಡ್ಡಕ್ಕ ಆಗ ಕೇಳಿದ್ದಳು. "ಈ ವಯಸ್ಸಲ್ಲಿ ಯಾಕೆ ಬೇಕು ಕಣೇ, ಯಜಮಾನಮ್ಮನ ಎದೆ ಒಡೆದುಹೋಗುತ್ತೆ," ಎಂದು ಚಿಕ್ಕಕ್ಕನೇ ತಳ್ಳಿಹಾಕಿದ್ದಳು.

ಈಗ ಅವಳೇ ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ದೊಡ್ಡಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಟೈಮರ್ ಒತ್ತಿ ಓಡಿಬಂದು ಪಕ್ಕದಲ್ಲಿ ಕೂತಳು.

"ಭುಜಕ್ಕೆ ಭುಜ ತಾಗಲಿ," ಎಂದಳು ದೊಡ್ಡಕ್ಕ. "ಇಷ್ಟು ದೂರ ಬಂದಮೇಲೆ ಈಗೆಂಥ ನಾಚಿಕೆ?"

ಬಂದ ನಗು ಅವಳ ಊದಿದ ಮುಖದಲ್ಲಿ ಎಲ್ಲೋ ಕಳೆದುಹೋಯಿತು. ಆದರೂ ಫೋಟೋ ಚೆನ್ನಾಗಿತ್ತು. ಕಚೇರಿಯಲ್ಲಿ ಅರ್ಜಿ ಕೊಟ್ಟರು. ಒಂದು ತಿಂಗಳು ನೋಟಿಸು ಬೋರ್ಡಿನಲ್ಲಿ ಫೋಟೋ ಸಮೇತ ಹಾಕುತ್ತಾರೆ, ಯಾರದ್ದಾದರೂ ತಕರಾರಿದ್ದರೆ ಹೇಳಬಹುದು, ಇಲ್ಲದಿದ್ದರೆ ಮದುವೆ. ಚಿಕ್ಕಕ್ಕನಿಗೆ ಆ ನಿಯಮಗಳೆಲ್ಲ ಬಾಯಿಪಾಠ. ಯಜಮಾನಮ್ಮನಿಗೆ ಮೊದಲೇ ಹೇಳಿಬಿಡೋಣ ಎಂದು ದೊಡ್ಡಕ್ಕ ಅಂದಳು. ಚಿಕ್ಕಕ್ಕನಿಗೆ ಧೈರ್ಯ ಬರಲಿಲ್ಲ. ಕಾಯಿಲೆಯವಳನ್ನು ಇಟ್ಟುಕೊಂಡು ಮನೆ ಬಿಡಿ ಅನ್ನಿಸಿಕೊಂಡರೆ ಎಲ್ಲಿಗೆ ಹೋಗುವುದು? ಆ ಮುದುಕಿ ರಸ್ತೆ ದಾಟಿ ಬೋರ್ಡು ಓದಲು ಹೋಗುತ್ತಾಳೆಯೇ ಎಂದು ಸಮಾಧಾನ ಮಾಡಿಕೊಂಡಳು.

ಯಜಮಾನಮ್ಮ ಓದಲಿಲ್ಲ. ಓದಿದವರು ಬಂದು ಹೇಳಿದರು. ಇಂಥ ಸುದ್ದಿ ಹೊತ್ತು ತರುವವರಿಗೆ ಕಾಲುನೋವು ಎಂದರೇನೆಂದೇ ಗೊತ್ತಿರುವುದಿಲ್ಲ. ಟೀವಿಯವನು ಹೇಳಿದ್ದು ತನ್ನ ಮನೆಯ ಮಾಳಿಗೆಯಲ್ಲೇ ನಡೆದುಹೋಯಿತಲ್ಲ ಎಂದು ಆ ಹೆಂಗಸು ಕಂಗಾಲಾದಳು. ಹೊಟ್ಟೆಕಿಚ್ಚಿನವಳಲ್ಲ, ಕೇಡು ಬಯಸಿದವಳೂ ಅಲ್ಲ. ಕಾಯಿಲೆಯಿಂದ ಇವರ ತಲೆ ಕೆಟ್ಟಿದೆ, ಯಾರಾದರೂ ತಡೆಯದಿದ್ದರೆ ಮಹಾ ಪಾಪ ಆಗಿಹೋಗುತ್ತದೆ ಎಂದು ಅಳುತ್ತಲೇ ರಸ್ತೆ ದಾಟಿ ತಕರಾರು ಕೊಟ್ಟಳು. ಯಾವ ನಿಯಮ ಬದಲಾದರೂ ಅದೊಂದು ಬದಲಾಗಿರಲಿಲ್ಲ. ಒಡಹುಟ್ಟಿದವರು ಮದುವೆಯಾಗುವ ಹಾಗಿಲ್ಲ.

ವಿಚಾರಣೆಯ ದಿನ ಚಿಕ್ಕಕ್ಕ ಒಬ್ಬಳೇ ಹೋದಳು. ದೊಡ್ಡಕ್ಕ ಆಸ್ಪತ್ರೆ ಸೇರಿದ್ದಳು. ರಿಜಿಸ್ಟ್ರಾರ್ ಸಾಹೇಬರು ಕೆಟ್ಟವರಲ್ಲ. ಅವರ ಪಾಸ್‌ಪೋರ್ಟಿನ ಫೋಟೋ ತೆಗೆದವಳೂ ಚಿಕ್ಕಕ್ಕನೇ. ಅವರು ಕನ್ನಡಕ ತೆಗೆದು ಕಿಟಕಿಯಾಚೆ ಕೈ ತೋರಿಸಿದರು.

"ಈ ಕುರ್ಚಿಗೆ ಬಂದಾಗಿನಿಂದ ಅದನ್ನ ನೋಡ್ತಿದ್ದೀನಿ, ಚಿಕ್ಕಕ್ಕ. ಅಕ್ಕ-ತಂಗಿ ಅಂತ ನೀವೇ ಬರೆದು ಇಟ್ಟಿದ್ದೀರಿ. ಈಗ ಅಲ್ಲ ಅಂದ್ರೆ ಹೇಗೆ ನಂಬೋದು?"

ಚಿಕ್ಕಕ್ಕ ಆಸ್ಪತ್ರೆಯ ವರದಿ ಮುಂದಿಟ್ಟಳು. "ರಕ್ತವೇ ಹೇಳ್ತಿದೆ ಸಾಹೇಬ್ರೇ, ನಾವು ಅಕ್ಕ-ತಂಗಿ ಅಲ್ಲ ಅಂತ."

ಅವರು ಓದಿ ತಲೆಯಾಡಿಸಿದರು. "ಹುಟ್ಟಿನಿಂದ ಅಲ್ಲ ಅಂತ ಇದೆ, ಸರಿ. ಸಾಕಿದ ಸಂಬಂಧವೂ ಅಡ್ಡ ಬರುತ್ತೆ. ಒಂದು ಮನೆಯವರು ಮಗಳು ಅಂತ ಒಪ್ಪಿಕೊಂಡಿದ್ರೆ, ಆ ಮನೆಯ ಮಗಳನ್ನ ನೀವು ಮದುವೆಯಾಗೋ ಹಾಗಿಲ್ಲ. ಅದಕ್ಕೇ ಅವರ ತಮ್ಮನನ್ನ ಕರೆಸಿದ್ದೀನಿ."

ತಮ್ಮ ಬಾಗಿಲ ಹತ್ತಿರ ನಿಂತಿದ್ದ. ಅಷ್ಟು ವರ್ಷಗಳಲ್ಲಿ ಅವನು ಚಿಕ್ಕಕ್ಕನನ್ನು ಯಾವ ಹೆಸರಿಂದಲೂ ಕರೆದಿರಲಿಲ್ಲ. ಫೋನು ಮಾಡಿದರೆ "ಅಕ್ಕ ಇದ್ದಾಳಾ?" ಎನ್ನುವುದಷ್ಟೇ. ಬೆಳಿಗ್ಗೆ ಕಚೇರಿಯ ಮೆಟ್ಟಿಲ ಮೇಲೆ ಅವನ ಎರಡೂ ಕೈ ಹಿಡಿದು ಚಿಕ್ಕಕ್ಕ ಬೇಡಿಕೊಂಡಿದ್ದಳು. "ನಾನೇನು ಅಕ್ಕ ಸಾಯ್ಲಿ ಅಂತೀನಾ? ಮಗಳಿಗೆ ಗಂಡು ಗೊತ್ತಾಗಿದೆ. ಅವರ ಕಡೆಯವರಿಗೆ ಇದು ತಿಳಿದ್ರೆ ಮುಗೀತು. ಬೇರೆ ಯಾವುದಾದ್ರೂ ದಾರಿ ನೋಡಿ," ಎಂದು ಅವನು ಕೈ ಬಿಡಿಸಿಕೊಂಡಿದ್ದ.

ಈಗ ಅವನು ಯಾರ ಮುಖವನ್ನೂ ನೋಡದೆ ಹೇಳಿದ: "ಇವಳು ನನ್ನ ತಂಗಿ. ಅಮ್ಮ ಕೊನೇಗಾಲದಲ್ಲಿ ಎಲ್ಲರ ಎದುರೂ ಹೇಳಿದ್ರು, ನನಗೆ ಇಬ್ರು ಹೆಣ್ಣುಮಕ್ಕಳು, ಇವಳೂ ನನ್ನ ಮಗಳೇ ಅಂತ. ಇವರೂ ಅಲ್ಲೇ ಇದ್ರು." ಯಜಮಾನಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೌದೆಂದಳು.

ಒಂದು ಸಲ, ಒಂದೇ ಒಂದು ಸಲ ಆ ಬಾಯಿಂದ ತಂಗಿ ಎಂಬ ಮಾತು ಬರಲಿ ಎಂದು ಚಿಕ್ಕಕ್ಕ ಎಷ್ಟು ಕಾದಿದ್ದಳೋ. ಬಂದದ್ದು ಹೀಗೆ.

"ನಿಜವಾ?" ಎಂದರು ಸಾಹೇಬರು. "ನೀವು ಹೇಳಿ. ಆ ತಾಯಿ ಹಾಗಂದಿದ್ರಾ?"

ಇಲ್ಲ ಎಂದುಬಿಡಬೇಕು. ಬಾಯಿ ತೆರೆದಳು. ಇಷ್ಟು ವರ್ಷ ಸುಳ್ಳಿನ ಮೇಲೇ ಸಂಸಾರ ಮಾಡಿದವಳಿಗೆ ಇನ್ನೊಂದು ಸುಳ್ಳೇನು ಭಾರ? ಆದರೆ ಮುದುಕಿಯ ಒಣಗಿದ ಕೈ, ಆ ಹಿಡಿತ, ಆ ದನಿ ಎಲ್ಲ ಒಟ್ಟಿಗೇ ನೆನಪಾದವು. ಅವಳನ್ನು ತಮ್ಮವಳೆಂದು ಜಗತ್ತಿನಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಅದನ್ನು ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

"ಅಂದಿದ್ರು," ಎಂದಳು. ತಕ್ಷಣ ಮೇಜನ್ನು ಹಿಡಿದುಕೊಂಡಳು. "ಪ್ರೀತಿಗೆ ಅಂದಿದ್ದು ಸಾಹೇಬ್ರೇ. ನನ್ನ ಕೈಲಿ ಚಾಕರಿ ಮಾಡಿಸ್ಕೊಂಡ್ರಲ್ಲ, ಅದಕ್ಕೆ. ಅದು ಸಾಕಿದ್ದು ಹೇಗಾಗುತ್ತೆ? ಅಲ್ಲಿ ಅವಳು ಸಾಯ್ತಿದ್ದಾಳೆ. ನನ್ನ ಹತ್ರ ಕಿಡ್ನಿ ಇದೆ. ದಯವಿಟ್ಟು."

ಸಾಹೇಬರು ಪೆನ್ನು ಮುಚ್ಚಿಟ್ಟರು. "ಇದು ಸಾಕಿದ ಸಂಬಂಧ ಹೌದೋ ಅಲ್ಲವೋ ಅಂತ ತೀರ್ಮಾನಿಸೋ ಅಧಿಕಾರ ನನಗಿಲ್ಲ. ಕೋರ್ಟಿಗೆ ಕಳಿಸ್ತೀನಿ. ಅಲ್ಲಿಯವರೆಗೆ ನಾನು ಸಹಿ ಹಾಕೋ ಹಾಗಿಲ್ಲ."

ಕಿಡ್ನಿಯ ಮಾತು ಯಜಮಾನಮ್ಮನ ಕಿವಿಗೆ ಬಿದ್ದದ್ದು ಆಗಲೇ. "ನನಗೆ ಯಾಕಮ್ಮ ಯಾರೂ ಹೇಳ್ಲಿಲ್ಲ?" ಎಂದು ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದಳು. ತಕರಾರು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಗೋಗರೆದಳು. ಬೇಕಾದಾಗ ಕೊಟ್ಟು ಬೇಡವಾದಾಗ ಹಿಂದಕ್ಕೆ ತೆಗೆದುಕೊಳ್ಳುವ ಮಾತಲ್ಲ ಇದು ಎಂದರು ಸಾಹೇಬರು.

ಚಿಕ್ಕಕ್ಕ ಅಲ್ಲಿಂದ ನೇರ ಆಸ್ಪತ್ರೆಯ ಸಮಿತಿಯವರ ಬಳಿಗೆ ಓಡಿದಳು. ನೋಂದಣಿ ಕಚೇರಿಯವರೇ ನನ್ನನ್ನು ತಂಗಿ ಎನ್ನುತ್ತಿದ್ದಾರೆ, ಈಗಲಾದರೂ ತೆಗೆದುಕೊಳ್ಳಿ ಎಂದಳು. "ಸಾಕಿದ ತಂಗಿ ನಮ್ಮಲ್ಲಿ ನಡೆಯಲ್ಲಮ್ಮ," ಎಂದಳು ಡಾಕ್ಟರಮ್ಮ, "ರಕ್ತ ಇರಬೇಕು, ಇಲ್ಲ ಮದುವೆ ಇರಬೇಕು." ಮದುವೆಗೆ ಅಡ್ಡಬರುವಷ್ಟು ತಂಗಿ, ಕಿಡ್ನಿ ಕೊಡುವಷ್ಟು ತಂಗಿಯಲ್ಲ. ಇದೆಲ್ಲಿಯ ನ್ಯಾಯ ಎಂದು ಕೇಳಲು ಅವಳಿಗೆ ಯಾರಿದ್ದರು? ಕೊಡಲು ಮೈಯಲ್ಲಿ ಇದೆ, ತೆಗೆದುಕೊಳ್ಳಲು ಅವಳು ಮಹಡಿಯ ಮೇಲೆ ಮಲಗಿದ್ದಾಳೆ, ನಡುವೆ ಒಂದು ಮೆಟ್ಟಿಲು. ಆ ಮೆಟ್ಟಿಲ ಮೇಲೆ ಕೂತು ಚಿಕ್ಕಕ್ಕ ತನ್ನ ಸೊಂಟಕ್ಕೆ ತಾನೇ ಗುದ್ದಿಕೊಂಡಳು.

ದೊಡ್ಡಕ್ಕನಿಗೆ ಎಲ್ಲವನ್ನೂ ಹೇಳಿದಳು. ಮುಚ್ಚಿಡಲು ಇನ್ನೇನು ಉಳಿದಿತ್ತು.

ದೊಡ್ಡಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿ, "ಇಲ್ಲ ಅನ್ನಬೇಕಿತ್ತು ಕಣೇ," ಎಂದಳು. "ನಾನಾಗಿದ್ರೆ ಅಂತಿದ್ದೆ. ಅಮ್ಮನ ಹತ್ರ ಆಮೇಲೆ ಕ್ಷಮೆ ಕೇಳ್ಕೋತಿದ್ದೆ."

"ತಪ್ಪಾಯ್ತು."

"ಅಳಬೇಡ. ನನಗೆ ಬದುಕೋ ಆಸೆ ಇತ್ತು, ಅದಕ್ಕೆ ಅಂದೆ." ಮತ್ತೆ ಹೇಳಿದಳು: "ಮೊದಲು ಸುಳ್ಳು ಹೇಳಿದವಳು ನಾನು. ಬೀಗದ ಕೈ ನೋಡಿ ಆಸೆಯಾಯ್ತು. ಒಂದು ಕೆಲಸ ಮಾಡು. ಇನ್ನು ಮೇಲೆ ಯಾರು ಕೇಳಿದ್ರೂ ತಂಗಿ ಅನ್ಬೇಡ. ಏನಾದ್ರೂ ಅನ್ನು, ಇಲ್ಲ ಸುಮ್ನೆ ಇರು. ಅದೊಂದು ಅನ್ಬೇಡ."

"ಅನ್ನಲ್ಲ," ಎಂದಳು ಚಿಕ್ಕಕ್ಕ. ಮನೆಗೆ ಬಂದವಳೇ ಶೋಕೇಸಿನ ಬೀಗ ತೆಗೆದು ಆ ಫೋಟೋ ಕೆಳಗಿಳಿಸಿದಳು. ಅದರ ಜಾಗದಲ್ಲಿ ಟೈಮರಿನ ಫೋಟೋ ಇಟ್ಟಳು, ಅಡಿಯಲ್ಲಿ ಏನೂ ಬರೆಯದೆ.

ಕೋರ್ಟು ಒಂದು ತಾರೀಖು ಕೊಟ್ಟಿತು, ಆಮೇಲೆ ಇನ್ನೊಂದು. ತಮ್ಮ ಒಂದಕ್ಕೂ ಬರಲಿಲ್ಲ. ಮೂರನೆಯದು ಬರುವ ಮೊದಲೇ ಒಂದು ಮಧ್ಯಾಹ್ನ, ವಾರ್ಡಿನಲ್ಲಿ ಊಟದ ತಟ್ಟೆಗಳನ್ನು ಎತ್ತುವ ಹೊತ್ತಿಗೆ, ದೊಡ್ಡಕ್ಕ ಹೋಗಿಬಿಟ್ಟಳು. ಚಿಕ್ಕಕ್ಕ ನೀರು ತರಲು ಹೋಗಿದ್ದಳು. ಬಂದಾಗ ಪರದೆ ಎಳೆದಿದ್ದರು.

ಶವ ಕೊಡುವ ಕೌಂಟರು ಹಿಂಭಾಗದಲ್ಲಿತ್ತು. ಯಜಮಾನಮ್ಮ ಸುದ್ದಿ ಕೇಳಿ ಬಂದವಳು ಚಿಕ್ಕಕ್ಕನ ತೋಳು ಹಿಡಿದು ನಿಂತಿದ್ದಳು. ಗುಮಾಸ್ತ ತಲೆಯೆತ್ತದೆ ಕೇಳಿದ: "ನೀವು ಏನಾಗ್ಬೇಕು?"

"ಹೆಂಡತಿ," ಎಂದಳು ಚಿಕ್ಕಕ್ಕ.

ಗುಮಾಸ್ತ ತಲೆಯೆತ್ತಿದ. "ಸರ್ಟಿಫಿಕೇಟು?"

"ಇಲ್ಲ. ಕೋರ್ಟಲ್ಲಿದೆ."

"ಹಾಗಾದ್ರೆ ಕೊಡಕ್ಕಾಗಲ್ಲಮ್ಮ. ರಕ್ತಸಂಬಂಧದವರು ಯಾರಿದ್ದಾರೆ? ತಮ್ಮ ಅಂತ ಇದೆ ಇಲ್ಲಿ. ಅವರು ಬಂದು ತಗೊಂಡು ಹೋಗ್ಲಿ."

ತಮ್ಮ ನಾಳೆ ಬರುತ್ತಾನೆ. ತನ್ನೂರಿಗೆ ಒಯ್ಯುತ್ತಾನೆ. ಅಲ್ಲಿಯವರೆಗೆ ಅವಳು ಒಳಗೆ, ಆ ತಣ್ಣನೆಯ ಪೆಟ್ಟಿಗೆಯಲ್ಲಿ, ಒಬ್ಬಳೇ. ಚಿಕ್ಕಕ್ಕ ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು. ಹಿಂದಿನವರು ಸರಿಯಿರಿ ಎಂದರು. ಅವಳು ಸರಿಯಲಿಲ್ಲ.

"ನೀನು ತಂಗಿ ಅಲ್ವಾ," ಎಂದು ಯಜಮಾನಮ್ಮ ಕಿವಿಯ ಹತ್ತಿರ ಬಿಕ್ಕಿದಳು. "ಹೇಳಮ್ಮ. ನಾನೂ ಹೇಳ್ತೀನಿ."

"ತಂಗಿನಾ?" ಎಂದ ಗುಮಾಸ್ತ. "ಮೊದ್ಲೇ ಹೇಳ್ಬಾರ್ದಾ? ಹೌದಾ, ತಂಗಿನಾ ನೀವು?"

ಚಿಕ್ಕಕ್ಕ ಒಳಗಿನ ಮುಚ್ಚಿದ ಬಾಗಿಲನ್ನು ನೋಡಿದಳು. ಮಾತು ಕೊಟ್ಟಿದ್ದಳು. ಕೇಳುವವಳು ಆ ಬಾಗಿಲಿನ ಆಚೆ ಇದ್ದಳು.

"ಹೌದು," ಎಂದಳು. "ತಂಗಿ."

ಗುಮಾಸ್ತ ಬರೆದುಕೊಂಡು ಸಹಿ ಹಾಕಿಸಿಕೊಂಡ. ರಕ್ತ ಕೇಳಲಿಲ್ಲ, ಸಾಕಿದ್ದಾ ಹುಟ್ಟಿದ್ದಾ ಎಂದು ವಿಚಾರಿಸಲಿಲ್ಲ. ಒಳಗೆ ಯಾರನ್ನೋ ಕೂಗಿ, ಇವರಕ್ಕನನ್ನು ಕೊಟ್ಟುಬಿಡಿ ಎಂದ.